ಕಿಂಡಿಯಿಂದ ತೆಗೆದ ತುಂಡು

ಕಾರ್ಖಾನೆಯ ದವಾಖಾನೆಯಲ್ಲಿ ಸರದಿ ಕಾಯುತ್ತಿದ್ದೆ. ಪಕ್ಕದಲ್ಲಿ ಅಂಗೈಗೆ ಬಟ್ಟೆ ಸುತ್ತಿಕೊಂಡ ಕುಲುಮೆಯವನು, ಅವನಾಚೆ ಜೊತೆಗೆ ಬಂದಿದ್ದ ಅವನ ಭಾವ, ಲೋಹ ಪರೀಕ್ಷೆಯ ಕೊಠಡಿಯವನು.

"ಭಾವ, ಆ ಉಕ್ಕು-ಅಲ್ಯೂಮಿನಿಯಂ ಜೋಡಿಸಿದ ತಗಡು..."

"ಪಾಸಾಯ್ತಲ್ಲ. ಅದ್ರ ಜೊತೆ ಬೇಯಿಸಿದ ಮಾದರಿ ತುಂಡನ್ನ ನಾನೇ ಬಗ್ಗಿಸಿ ನೋಡಿ ಸಹಿ ಹಾಕ್ದೆ."

"ತುಂಡನ್ನ ಕುಲುಮೆ ಕಿಂಡಿಯಿಂದ ಹೊತ್ತಿಗೆ ಸರಿಯಾಗಿ ತೆಗ್ದೆ. ಕುಲುಮೆ ದೊಡ್ಡ ಬಾಗಿಲು ಸಿಕ್ಕಾಕೊಂಡಿತ್ತು. ತಗಡು ಇನ್ನೂ ಮೂರು ಗಂಟೆ ಒಳಗೇ ಬೆಂತು."

ಭಾವ ಅವನ ಕಡೆ ತಿರುಗಿ ಕೂತ.

"ಹದ ಮೀರಿದ್ರೆ ಎರಡು ಲೋಹದ ನಡುವೆ ಗಾಜಿನಂಥ ಪದರ ಕಟ್ಟುತ್ತೆ, ಏಟು ಬಿದ್ರೆ ಕಿತ್ಕೊಂಡು ಬರುತ್ತೆ. ಗೊತ್ತಿಲ್ವಾ ನಿಂಗೆ?"

"ಗೊತ್ತು. ಅಷ್ಟರಲ್ಲಿ ನಿಮ್ಮ ಸಹಿ ಆಗಿಹೋಗಿತ್ತು."

"ಬಿಸಿ ತುಪ್ಪ ತಂದು ನನ್ನ ಬಾಯಿಗೆ ಹಾಕಿದೆಯಲ್ಲೋ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ತಗಡು ಈಗೆಲ್ಲಿ?"

"ಹಡಗಿಗೆ ಬೆಸೆದಾಯ್ತು. ನಾಳೆ ನೀರಿಗಿಳಿಸ್ತಾರೆ."

ನರ್ಸು ಕುಲುಮೆಯವನನ್ನು ಕರೆದಳು.

"ಮೊನ್ನೆ ಆ ಬಾಗಿಲು ಎಳೆಯೋಕೆ ಹೋಗಿ ಕೈ ಸುಟ್ಟಿದ್ದು. ಒಳಗೆ ಏನಂತ ಬರೆಸ್ಲಿ?"

"ಮನೇಲಿ ಒಲೆ ತಗುಲ್ತು ಅನ್ನು. ನಿಮ್ಮಕ್ಕಂಗೂ ಹಾಗೇ ಹೇಳು."

"ಅಕ್ಕಂಗೆ ನಿಜ ಹೇಳಿಯಾಗಿದೆ, ಭಾವ. ನಿಮ್ಗೆ ಹೇಳು ಅಂತ ಕಳಿಸಿದ್ದೇ ಅವಳು."

ಅವನು ಒಳಗೆ ಹೋದ. ಭಾವ ಎದ್ದು ಹೊರಬಾಗಿಲವರೆಗೆ ನಡೆದು, ಮತ್ತೆ ಬಂದು ಅಲ್ಲೇ ಕೂತ.