ಧೂಳಿನ ಮೇಷ್ಟ್ರ ಕಣ್ಣು ತಪಾಸಣೆ

...ಎರಡನೇದು. ಎರಡನೇದೇ ಸ್ಪಷ್ಟ. ಅಲ್ಲ, ಇರು ಇರು... ಮೊದಲನೇದು ಇನ್ನೊಂದು ಸಲ ಹಾಕಮ್ಮ. ಹ್ಞಾ. ಎರಡೂ ಒಂದೇ ಥರ ಇವೆ. ಒಂದೇ ಥರ ಅನ್ನೋದೂ ಉತ್ತರಾನೇ ತಾನೇ? ನಮ್ಮ ಕಡೆ ಅಷ್ಟು ಹೇಳೋಕ್ಕೆ ಇಪ್ಪತ್ತು ಪುಟ ಬರೀತಾರೆ.

ಯಾಕೆ ನಗ್ತೀಯ? ಈ ಕಬ್ಬಿಣದ ಫ್ರೇಮು ಮೂಗಿನ ಮೇಲೆ ಕೂರಿಸಿದರೆ ಎಂಥವನೂ ಹೀಗೇ ಕಾಣ್ತಾನೆ. ನಗು, ಪರವಾಗಿಲ್ಲ. ಹನ್ನೊಂದು ವರ್ಷ ಆಯ್ತು ನೀನು ನನ್ನ ಲ್ಯಾಬು ಬಿಟ್ಟು. ಅಲ್ಲಿದ್ದ ಐದು ವರ್ಷದಲ್ಲಿ ನೀನು ನಕ್ಕಿದ್ದು ನನಗೆ ನೆನಪಿಲ್ಲ. ಗೈಡ್ ಎದುರು ಯಾವ ಪಿಎಚ್‌ಡಿ ಹುಡುಗಿ ತಾನೇ ನಗ್ತಾಳೆ! ಅದೂ ನನ್ನಂಥ ಗೈಡು.

ಅಂಗಡಿ ಚೆನ್ನಾಗಿದೆ. ನಿಮ್ಮ ಮಾವನವರದ್ದಾ? ಓ... ನೀನೇ ಹಾಕಿದ್ದಾ. ಕೋರ್ಸ್ ಮಾಡಿಕೊಂಡು. ಸರಿ ಸರಿ, ಒಳ್ಳೇದು. ಆದರೆ ಆ ಬೋರ್ಡಿನ ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆಸಮ್ಮ. ಕಣ್ಣು ಕಾಣದೋರು ಬರೋ ಜಾಗ ಇದು. ನಾನು ಪಕ್ಕದ ಅಂಗಡಿಗೆ ಹೋಗಿ ಕೂತು, ಎಡಗಣ್ಣಿಗೇ ಜಾಸ್ತಿ ತೊಂದರೆ ಅಂದೆ. ಅವನು ಟೇಪು ತೆಗೆದು ಸೊಂಟದ ಅಳತೆ ತಗೊಂಡ. ಎಲ್ಲಾ ಬರಕೊಂಡ ಮೇಲೇನೇ ನಮ್ಮಿಬ್ಬರಿಗೂ ಅನುಮಾನ ಬಂದದ್ದು. ಹೂಂ, ಟೈಲರ್. ಈಗ ಗೊತ್ತಾಯ್ತು ಟೈಲರ್ ಅಂತ.

ಒಳ್ಳೇ ಮನುಷ್ಯ. 'ಏನು ಕೆಲಸ ಸಾರ್ ತಮ್ಮದು' ಅಂದ. ಧೂಳು ಅಂದೆ. ಕಲ್ಲು ಕ್ವಾರಿನಾ ಅಂದ. ಅಲ್ಲಪ್ಪ, ನಕ್ಷತ್ರದ ಧೂಳು. ದೊಡ್ಡ ನಕ್ಷತ್ರ ಸಾಯೋವಾಗ ಸಿಡಿಯತ್ತೆ, ಒಳಗಿದ್ದದ್ದೆಲ್ಲ ಬಿಸಿ ಅನಿಲವಾಗಿ ದಿಕ್ಕುದಿಕ್ಕಿಗೆ ಓಡತ್ತೆ, ಓಡ್ತಾ ಓಡ್ತಾ ಆರತ್ತೆ. ಒಂದೆರಡು ವರ್ಷದಲ್ಲಿ ಅದರೊಳಗೇ ಕಣ ಕಟ್ಟೋಕ್ಕೆ ಶುರುವಾಗತ್ತೆ, ಲಾಟೀನಿನ ಗಾಜಿಗೆ ಮಸಿ ಕಟ್ಟಿದ ಹಾಗೆ. ಈ ನೆಲ, ಈ ಗೋಡೆ, ನಿನ್ನ ಕತ್ತರಿ ಎಲ್ಲಕ್ಕೂ ಮೂಲ ಅಂಥ ಧೂಳೇ ಅಂದೆ. ಕತ್ತರಿ ಎತ್ತಿ ಹಿಂದೆ ಮುಂದೆ ನೋಡಿದ. ಹೋದ ವಾರ ತಾನೇ ಸಾಣೆ ಹಿಡಿಸಿದ್ದೆ ಅಂದ.

ಆಮೇಲೆ ಕೇಳಿದ ನೋಡು ಒಂದು ಮಾತು. 'ಒಂದು ಸಿಡಿತಕ್ಕೆ ಎಷ್ಟು ಧೂಳು ಹುಟ್ಟತ್ತೆ ಸಾರ್?'

ಮೂವತ್ತು ವರ್ಷದಿಂದ ಯಾರು ಕೇಳಿದರೂ ಹೇಳ್ತಾ ಬಂದಿದ್ದೆ. ಬಾಯಿಪಾಠ ಅದು ನನಗೆ. ಇವತ್ತು ಮಾತ್ರ ಆ ಅಂಕಿ ಹೇಳಲಿಲ್ಲ ಕಣಮ್ಮ. ಅದನ್ನ ಕೇಳೋಕ್ಕೇ ನಿನ್ನ ಪಕ್ಕದ ಕನ್ನಡಕದ ಅಂಗಡಿಗೆ ಬಂದೆ ಅಂದುಬಿಟ್ಟೆ.

ಹ್ಞೂಂ... ಹೌದು. ಬರೀ ಕಣ್ಣಿಗೆ ಅಂತ ಬಂದದ್ದಲ್ಲ. ಎರಡು ಬಸ್ಸು ಬದಲಾಯಿಸಿ ಯಾರು ಬರ್ತಾರೆ ಕನ್ನಡಕಕ್ಕೆ? ನಮ್ಮ ಬೀದೀಲೇ ಮೂರು ಅಂಗಡಿ ಇವೆ. ಆದರೆ ಕಣ್ಣು ಕಾಣದೇ ಇರೋದೂ ನಿಜ. ಅದು ಸುಳ್ಳಲ್ಲ. ನಿಮ್ಮ ಮೇಡಂ ಮನೇಲಿ ದಿನಾ ಅಂತಾಳೆ, ಯಾವುದೋ ನಕ್ಷತ್ರದ ಹೊಗೆ ಕಾಣೋರಿಗೆ ಉಪ್ಪಿನ ಡಬ್ಬಿ ಯಾವುದು ಸಕ್ಕರೆ ಡಬ್ಬಿ ಯಾವುದು ಗೊತ್ತಾಗಲ್ಲ ಅಂತ. ನಿನ್ನ ವಿಳಾಸ ಹುಡುಕಿ ಕೊಟ್ಟಿದ್ದೂ ಅವಳೇ. 'ಅವಳನ್ನ ನೋಡಿಕೊಂಡು ಬನ್ನಿ' ಅಂದಳು. 'ಕಣ್ಣು ತೋರಿಸಿಕೊಂಡು' ಅಂದಳೋ 'ನೋಡಿಕೊಂಡು' ಅಂದಳೋ... ನೋಡಿಕೊಂಡು ಅಂತಲೇ.

ಕೊನೇ ಸಾಲಾ? ಕೊನೇ ಸಾಲು ಅಂತ ಒಂದಿದೆಯಾ ಅಲ್ಲಿ? ನಾನು ಅದನ್ನ ಗೆರೆ ಅಂದುಕೊಂಡಿದ್ದೆ.

ಇರಲಿ, ವಿಷಯಕ್ಕೆ ಬರ್ತೀನಿ. ತಣ್ಣಗಿರೋ ಧೂಳೂ ಕಾಣೋ ಹೊಸ ಟೆಲಿಸ್ಕೋಪ್ ಬಂದಿದೆ, ಪೇಪರಲ್ಲಿ ಓದಿರ್ತೀಯ. ಓದಿಲ್ಲವಾ? ಬಿಟ್ಟೆ ಅಂದರೆ ಪೂರ್ತಿ ಬಿಟ್ಟೆಯಾ! ...ಹೋದ ತಿಂಗಳು ನಮಗೆ ಅದರಲ್ಲಿ ಎಂಟು ಗಂಟೆ ಸಿಕ್ಕಿತ್ತು. ನಮ್ಮ ದಶಮಾಂಶ ಲೆಕ್ಕ ಹಾಕ್ತಿದ್ದ. ನಿನಗೆ ಅವನು ಗೊತ್ತಿಲ್ಲ, ನೀನು ಹೋದ ಮೇಲೆ ಕೆಲಸಕ್ಕೆ ಸೇರಿದೋನು. ಬಸ್ಸು ಎಷ್ಟು ಹೊತ್ತಿಗೆ ಅಂದರೂ ಪಾಯಿಂಟ್ ಆದಮೇಲೆ ಮೂರು ಅಂಕಿ ಹೇಳ್ತಾನೆ. ಅದಕ್ಕೇ ಆ ಹೆಸರು. ಅವನು ಬಂದು ನನ್ನ ಮೇಜಿನ ಮೇಲೆ ಒಂದು ಗ್ರಾಫ್ ಇಟ್ಟ. ಧೂಳಿನ ಮೇಲೇ ಇಟ್ಟ. ಗುಡಿಸೋ ಅಕ್ಕ ಈಗಲೂ ಜಗಳ ಆಡ್ತಾಳೆ, 'ಎಲ್ಲೆಲ್ಲಿದೋ ಧೂಳು ತೂಗ್ತೀರಿ, ಇಲ್ಲಿಂದು ಒರೆಸೋಕ್ಕೆ ಬಿಡಲ್ಲ' ಅಂತ.

ಗ್ರಾಫ್ ನೋಡಿದೆ. ನಾನು ಬೆಚ್ಚಗಿರೋ ಧೂಳನ್ನ ಮಾತ್ರ ಎಣಿಸಿದ್ದೆ. ಮುದ್ದೆ ಕಟ್ಟಿ, ತಣ್ಣಗಾಗಿ ಒಳಗೇ ಕೂತಿದ್ದದ್ದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಹೇಳಿದ್ದಕ್ಕಿಂತ ನೂರು ಪಟ್ಟು ಇದೆ. ನೂರು! ದಶಮಾಂಶ ಹೇಳೋ ಪ್ರಕಾರ ತೊಂಬತ್ತಾರು ಪಾಯಿಂಟ್ ನಾಲ್ಕು ಒಂದು ಎರಡು. ಗ್ರಾಫಿನ ಉಬ್ಬು ನೀನು ನಿನ್ನ ಥೀಸಿಸ್ಸಲ್ಲಿ ಎಲ್ಲಿ ಬರತ್ತೆ ಅಂದಿದ್ದೆಯೋ ಅಲ್ಲೇ ಇದೆ. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ.

ನೆನಪಿದೆಯಾ, ಆ ಅಧ್ಯಾಯ ತಂದು ಕೊಟ್ಟ ದಿನ? ಕೂತ್ಕೋ ಅಂದರೂ ಕೂರಲಿಲ್ಲ ನೀನು. ಕಿಟಕಿ ಹತ್ರ ನಿಂತಿದ್ದೆ. ನಾನು ನಾಲ್ಕು ಪುಟ ತಿರುವಿ, ಇದನ್ನ ಕಿತ್ತುಹಾಕು, ಮಿಕ್ಕಿದ್ದಕ್ಕೆ ಡಿಗ್ರಿ ಬರತ್ತೆ ಅಂದೆ. ನೀನು ಒಂದೇ ಮಾತು ಕೇಳಿದೆ. 'ಪೂರ್ತಿ ಓದಿದಿರಾ ಸಾರ್?' ಅಂತ. ನಾನು... ಏನಂದೆನೋ. ಓದೋದೇನಿದೆ ಅಂದೆ ಅನ್ಸತ್ತೆ. ನೀನು ಆ ಅಧ್ಯಾಯ ಕೀಳಲಿಲ್ಲ. ಡಿಗ್ರೀನೇ ಬಿಟ್ಟು ಹೊರಟುಹೋದೆ. ಅದನ್ನೇ ಲೇಖನ ಮಾಡಿ, ಬರೀ ನಿನ್ನ ಹೆಸರು, ಮನೆ ವಿಳಾಸ ಹಾಕಿ ವಿಜ್ಞಾನ ಪತ್ರಿಕೆಗೆ ಕಳಿಸಿದೆ.

ಅದು ಹೇಗೆ ಗೊತ್ತು ಅಂದರೆ? ದಶಮಾಂಶ ಹುಡುಕಿದ. ಇಂಟರ್‌ನೆಟ್ಟಲ್ಲಿ ಇದೆಯಲ್ಲ ನಿನ್ನ ಲೇಖನ, ಇಂಥ ಪತ್ರಿಕೆಗೆ ಕಳಿಸಿದೆ ಅಂತ ಮೊದಲ ಪುಟದಲ್ಲೇ ನೀನು ಬರೆದಿದ್ದೀಯ. ಹನ್ನೊಂದು ವರ್ಷದಲ್ಲಿ ಅದನ್ನ ತೆರೆದು ನೋಡಿದೋರು ಹದಿನಾಲ್ಕು ಜನ. ಅವನು ಓದಿ ಮುಗಿಸಿ ಬಂದು, 'ಸಾರ್, ಇವರು ಯಾರು, ಎಲ್ಲಿದ್ದಾರೆ' ಅಂದ. ಕಣ್ಣಲ್ಲಿ ನೀರಿತ್ತು ಕಣಮ್ಮ ಅವನಿಗೆ. ದಶಮಾಂಶನಿಗೆ! ನಾನು, ಇದ್ದಳು, ನಮ್ಮ ಹುಡುಗೀನೇ, ಅಂದೆ.

ತಗೋ, ಈ ಜೇಬಲ್ಲಿ ಕಾಗದ ಇದೆ, ನೀನೇ ತೆಗೆ, ನನ್ನ ಕೈ ಈ ಫ್ರೇಮು ಹಿಡಕೊಂಡಿದೆ. ಸಮ್ಮೇಳನದ್ದು. ನನ್ನನ್ನ ಮಾತಾಡೋಕ್ಕೆ ಕರೆದಿದ್ದರು. ನಾನು ಬರಲ್ಲ, ಅವಳನ್ನ ಕರೀರಿ ಅಂತ ಬರೆದೆ. ಒಪ್ಪಿದ್ದಾರೆ. ಓದು, ನಿನ್ನ ಹೆಸರೇ ಇದೆ. ಹೊಸ ಲೇಖನಕ್ಕೂ ನಿನ್ನ ಹೆಸರೇ ಮೊದಲು, ಆಮೇಲೆ ದಶಮಾಂಶ. ನನ್ನದು ಕೊನೇಲಿ, ಸಣ್ಣ ಅಕ್ಷರದಲ್ಲಿ. ಬೇಡ ಅಂದರೆ ಅದೂ ಬೇಡ.

ತಲೆ ಅಲ್ಲಾಡಿಸಬೇಡ, ನನಗೆ ಕಾಣಲ್ಲ ಅದು ಹೌದೋ ಅಲ್ಲವೋ ಅಂತ.

ಯೋಚನೆ ಮಾಡು. ಅಂಗಡಿ ಮೂರು ದಿನ ಮುಚ್ಚಿದರೆ ಏನಾಗಿಬಿಡತ್ತೆ? ಅನ್ಯಾಯ ಆಗಿದೆ ನಿನಗೆ. ನನಗೆ ಆ ಪತ್ರಿಕೆಯವರ ಮೇಲೆ ಕೆಟ್ಟ ಕೋಪ ಇದೆ. ಲೇಖನ ಪರಿಶೀಲಿಸೋಕ್ಕೆ ಕೊಟ್ಟ, ಹೆಸರೂ ಹೇಳದ ಒಬ್ಬ ವಿಮರ್ಶಕನ ಮಾತು ಕಟ್ಟಿಕೊಂಡು ವಾಪಸ್ ಕಳಿಸೋದಾ? ಅದೂ ಎಂಥ ಮಾತು! 'ಈ ಲೇಖಕಿಗೆ ಲೆಕ್ಕ ಬರುತ್ತದೆ, ನಕ್ಷತ್ರ ಬರುವುದಿಲ್ಲ.' ಹಾಗೆ ಬರೀತಾರಾ ಯಾರಾದರೂ? ಇಪ್ಪತ್ತೇಳು ವರ್ಷದ ಒಂದು ಹುಡುಗಿಗೆ...

ಯಾಕೆ? ಹಾಕಮ್ಮ ಇನ್ನೊಂದು ಮಸೂರ. ಬಲಗಣ್ಣು ಬಾಕಿ ಇದೆ.

ಏನಾಯ್ತು? ...ಆ ಸಾಲಾ? ನೀನೇ ಹೇಳಿದ್ದಲ್ವಾ. ಫೋನಲ್ಲಿ. ಇಲ್ಲ, ನೀನು ಫೋನೇ ಮಾಡಲಿಲ್ಲ. ಮೇಡಂ ಹತ್ರ ಹೇಳಿರ್ತೀಯ, ಅವಳು ನನಗೆ... ಅವಳ ಹತ್ರಾನೂ ಇಲ್ಲವಾ? ಇಂಟರ್‌ನೆಟ್ಟಲ್ಲಿ ಲೇಖನದ ಜೊತೆ ಅದನ್ನೂ ಹಾಕಿದ್ದೆ ಅನ್ಸತ್ತೆ ನೀನು. ಹಾಕಿರಲಿಲ್ಲವಾ? ಹಾಗಾದರೆ ಯಾರಿಗಾದರೂ ಆ ಪತ್ರ ತೋರಿಸಿರ್ತೀಯ. ನಿಮ್ಮ ಮನೆಯವರಿಗೂ ತೋರಿಸಿಲ್ಲವಾ? ಯಾರಿಗೂ?

...

ಪತ್ರಿಕೆಯ ಸಂಪಾದಕರಿಗೆ ಏನೂ ಗೊತ್ತಿರಲಿಲ್ಲಮ್ಮ. ಅವರದ್ದು ತಪ್ಪಿಲ್ಲ. ಮನೆ ವಿಳಾಸ ಇತ್ತು, ನೀನು ಯಾರ ವಿದ್ಯಾರ್ಥಿನಿ ಅಂತ ಅವರಿಗೆ ಹೇಗೆ ತಿಳೀಬೇಕು? ಧೂಳು ಅಂದರೆ ಆಗ ನಾನು. ಪರಿಶೀಲನೆಗೆ ನನಗೇ ಕಳಿಸಿದರು. ಇವಳು ನನ್ನ ಹುಡುಗಿ, ನಾನು ನೋಡಕೂಡದು ಅಂತ ಒಂದು ಸಾಲು ಬರೆದು ವಾಪಸ್ ಕಳಿಸಬೇಕಿತ್ತು. ಗೊತ್ತು. ಆದರೆ ನೋಡು, ಅಷ್ಟೊಂದು ಧೂಳು ಅಂದರೆ ಆಗ ಯಾರು ನಂಬ್ತಿದ್ದರು? ಪಠ್ಯಪುಸ್ತಕದಲ್ಲೆಲ್ಲ ನನ್ನ ಅಂಕಿ ಅಚ್ಚಾಗಿತ್ತು. ಓದಿದೆ, ಅರ್ಥ ಆಗಲಿಲ್ಲ. ಯಾರೇ ಆಗಿದ್ದರೂ ಹಾಗೇ... ಪ್ರಾಮಾಣಿಕವಾಗಿ ಅರ್ಥ ಆಗಿರಲಿಲ್ಲ ನನಗೆ.

ಬೈದುಬಿಡು. ಬೈಸಿಕೊಳ್ಳೋಕ್ಕೆ ಬಂದವನು ಅಂತಲೇ ತಿಳಕೋ. ಎದುರಿಗೇ ಇದ್ದೀಯ ತಾನೇ? ಈ ಗಾಜಲ್ಲಿ ನಿನ್ನ ಮುಖ ಕಾಣ್ತಿಲ್ಲ ನನಗೆ. ಇದ್ದೀಯ. ಉಸಿರು ಕೇಳ್ತಿದೆ.

...

ಮೂರು ವಾರ ಇಟ್ಟುಕೊಂಡಿದ್ದೆ ಅದನ್ನ. ಒಂದೊಂದು ಸಾಲನ್ನೂ ಕೈಯಲ್ಲೇ ಬಿಡಿಸಿ ನೋಡಿದೆ. ಎಲ್ಲಾದರೂ ಒಂದು ತಪ್ಪು ಸಿಗಲಿ, ಸಣ್ಣದಾದರೂ ಸರಿ, ಅಂತ ಎಷ್ಟು ಹುಡುಕಿದೆ ಗೊತ್ತಾ... ಸಿಗಲಿಲ್ಲ. ಎಲ್ಲೂ ಸಿಗಲಿಲ್ಲ. ಸರಿಯಾಗಿತ್ತು ಕಣಮ್ಮ. ಪೂರ್ತಿ ಸರಿಯಾಗಿತ್ತು. ಅದು ಗೊತ್ತಾದ ಮೇಲೇ ಆ ಸಾಲು ಬರೆದೆ.