ನಡುಗುವ ಅಂಗೈ ಮೇಲಿನ ಬಿಲ್ವಪತ್ರೆ

ಶರಣ ಬಂಧುಗಳೇ, ಒಬ್ಬ ಶ್ರೀಮಂತನ ಕಥೆ ಕೇಳಿ. ಊರಿನ ಹೆಸರು ಬೇಡ, ನಿಮ್ಮ ಊರೇ ಆದೀತು. ಹೊಲ, ಮನೆ, ಎಣ್ಣೆ ಮಿಲ್ಲು, ಎಲ್ಲ ಇತ್ತು. ಆದರೆ ಅವನ ಹೆಮ್ಮೆ ಒಂದೇ: ನಲವತ್ತು ವರ್ಷದಲ್ಲಿ ಒಂದು ದಿನವೂ ಇಷ್ಟಲಿಂಗ ಪೂಜೆ ತಪ್ಪಿಸಿದವನಲ್ಲ.

ಒಂದು ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಬಿಲ್ವಪತ್ರೆ ಏರಿಸಿದ. ಪತ್ರೆ ಬಿತ್ತು. ಮತ್ತೆ ಏರಿಸಿದ, ಮತ್ತೆ ಬಿತ್ತು. ನೋಡಿದರೆ, ಕೈ ನಡುಗುತ್ತಿದೆ! ಏನು ಮಾಡಿದ? ವೈದ್ಯರ ಹತ್ತಿರ ಹೋದನೇ? ಇಲ್ಲ. ಶಿವ ಮುನಿದಿದ್ದಾನೆ ಅಂದುಕೊಂಡ. ಪೂಜೆ ಬಿಟ್ಟ, ಕೈಯನ್ನು ಶಾಲಿನೊಳಗೆ ಅಡಗಿಸಿದ, ಮನೆಯಿಂದ ಹೊರಗೆ ಕಾಲಿಡುವುದನ್ನೂ ಬಿಟ್ಟ. ನೋಡಿ, ಒಂದು ವರ್ಷ ಹೀಗೇ ಕೂತ.

ಕೊನೆಗೆ ಹೆಂಡತಿಗೆ ತಡೆಯಲಾಗಲಿಲ್ಲ. "ಶಿವನ ಮ್ಯಾಲೆ ಹಾಕಬ್ಯಾಡ್ರಿ. ಏಳ್ರಿ, ದವಾಖಾನಿಗೆ ಹೋಗೂಣು," ಎಂದು ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. "ಸಾವಕಾರ್ರ, ಇದು ಪಾರ್ಕಿನ್ಸನ್ ಕಾಯಿಲೆ. ಮೈಯನ್ನ ಸರಾಗ ಆಡಸೋ ಒಂದು ರಸ ಮಿದುಳಿನ್ಯಾಗ ತಯಾರಾಗ್ತೈತಿ. ಅದನ್ನ ಮಾಡೋ ಜೀವಕೋಶ ಸಾಯಾಕ ಹತ್ಯಾವ. ಕೈ ನಡುಗೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿರ್ತಾವ."

"ಅಷ್ಟು ಹೋದ್ರೂ ನನಗ ಗೊತ್ತಾಗ್ಲಿಲ್ಲಲ್ರಿ?"

"ಉಳಿದವು ಗೊತ್ತಾಗಾಕ ಬಿಡಲಿಲ್ಲ. ಸತ್ತವುಗಳ ಕೆಲಸಾನೂ ತಾವ ಮಾಡಿದ್ವು."

ಆಹಾ! ಕೇಳಿದಿರಾ? ಕಣ್ಣಿಗೂ ಕಾಣದ ಜೀವಗಳು! ಇವನು ಉಣ್ಣುವಾಗ ದುಡಿದವು, ನಗುವಾಗ ದುಡಿದವು, ಪಕ್ಕದಲ್ಲಿದ್ದವು ಸಾಯುತ್ತಿದ್ದರೂ ದುಡಿದವು. ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಶಿವ ಮುನಿದ ಎಂದು ಇವನು ಅಳುತ್ತಿದ್ದಾಗ ಶಿವ ಇವನ ತಲೆಯೊಳಗೇ ಕೂತು ಕಾಯಕ ಮಾಡುತ್ತಿದ್ದ!

"ಉಳಿದವನ್ನ ಕಾಯೋದು ಹ್ಯಾಂಗ್ರಿ?" ಎಂದ.

"ಕಾಯೋ ಔಷಧ ಇದೇ ಅಂತ ಇನ್ನೂ ಖಾತ್ರಿ ಆಗಿಲ್ಲ, ಹುಡುಕಾಕ ಹತ್ಯಾರ. ಗುಳಿಗಿ ಕಡಿಮಿ ಬಿದ್ದ ರಸ ತುಂಬ್ತಾವ, ಹೊತ್ತಿಗೆ ಸರಿಯಾಗಿ ತಗೋರಿ. ದಿನಾ ಬೆವರು ಬರೋಹಂಗ ನಡೀರಿ. ನಡದ್ರ ಉಳಿದವಕ್ಕೂ ಬಲ ಬರಬಹುದು ಅಂತ ನಮ್ಮ ಆಶೆ."

ಮರುದಿನ ಪೂಜೆಗೆ ಕೂತ. ಕೈ ನಡುಗಿತು. ಹೆಂಡತಿ ತನ್ನ ಅಂಗೈಯನ್ನು ಅವನ ಅಂಗೈ ಕೆಳಗೆ ಕೊಟ್ಟಳು. ಪತ್ರೆ ನಿಂತಿತು.

ಈಗ ನಿಮ್ಮ ಕಡೆ ಬರುತ್ತೇನೆ. ಈ ಸಭೆಯಲ್ಲಿ ಕೈ ಅಡಗಿಸಿ ಕೂತವರು ಎಷ್ಟು ಜನ? ನಡುಗುವ ಕೈಗೆಲ್ಲ ಇದೇ ಕಾಯಿಲೆಯಲ್ಲ. ಅದನ್ನು ವೈದ್ಯರು ಹೇಳಲಿ. ತೋರಿಸಿ. ಕೊಟ್ಟ ಗುಳಿಗೆ ತಪ್ಪಿಸಬೇಡಿ. ಮಠಕ್ಕೆ ಗಾಡಿಯಲ್ಲಿ ಬರುವವರೇ, ನಡೆದು ಬನ್ನಿ. ಮನೆಯವರೇ, ಚಹಾ ಚೆಲ್ಲಿದರೆ ಗದರಬೇಡಿ, ನಿಮ್ಮ ಕೈಯನ್ನು ಕೆಳಗೆ ಕೊಡಿ. ಎಲ್ಲಿ, ಶಾಲಿನಿಂದ ಕೈ ಹೊರಗೆ ತೆಗೆಯಿರಿ ನೋಡೋಣ.

ಯಾರೂ ತೆಗೆಯುವುದಿಲ್ಲವೇ? ಸರಿ, ಮೊದಲು ನಾನೇ ತೆಗೆಯುತ್ತೇನೆ. ನೋಡಿ, ನಡುಗುತ್ತಿದೆ. ಆರು ತಿಂಗಳಿಂದ ನಿಮಗೆ ಕಾಣಿಸದಂತೆ ಇಟ್ಟಿದ್ದೆ. ನಾಳೆ ಬೆಳಿಗ್ಗೆ ದವಾಖಾನೆಗೆ ನಡೆದೇ ಹೊರಡುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ?