ಮೂವತ್ತಕ್ಕೆ ಇಪ್ಪತ್ತೆಂಟು

ಈಗಾಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ಆರೋಗ್ಯ ಇಲಾಖೆಯಿಂದ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಹಗಲು ಆರೈಕೆ ಕೇಂದ್ರದ ಡಾಕ್ಟರೇ, ಸಿಸ್ಟರೇ, ನೆನಪು ಇರುವ ಮತ್ತು ಇಲ್ಲದಿರುವ ಸಮಸ್ತ ಸಭಿಕರೇ,

ಕೇಂದ್ರದ ಐದನೆಯ ವಾರ್ಷಿಕೋತ್ಸವದ ಈ ದಿನ ನನ್ನನ್ನು 'ಮಾದರಿ ಆರೈಕೆದಾರ' ಎಂದು ಆರಿಸಿ ಫಲಕ ಕೊಟ್ಟಿದ್ದೀರಿ. ಡಿಮೆನ್ಷಿಯಾ ಇರುವವರನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಹತ್ತು ನಿಮಿಷ ಮಾತಾಡಿ ಅಂದಿದ್ದೀರಿ. ನನ್ನ ಹೆಸರನ್ನು ಯಾರು ಸೂಚಿಸಿದರೋ ಗೊತ್ತಿಲ್ಲ. ಅವರು ನಮ್ಮ ಮನೆಗೆ ಒಂದು ದಿನವೂ ಬಂದವರಲ್ಲ ಎಂಬುದು ಮಾತ್ರ ಖಾತ್ರಿ.

ನಾನು ಮೂವತ್ತನಾಲ್ಕು ವರ್ಷ ಗಣಿತದ ಟ್ಯೂಷನ್ ಹೇಳಿಕೊಟ್ಟವನು. ಎರಡು ಮೂರು ಸಲ ಡುಮ್ಕಿ ಹೊಡೆದವರನ್ನು ಕೊನೆಗೆ ನನ್ನ ಹತ್ತಿರ ಕರೆತರುತ್ತಿದ್ದರು. ಜನ ನನಗೆ ಇಟ್ಟ ಹೆಸರು 'ಗ್ಯಾರಂಟಿ ಮೇಷ್ಟ್ರು'. ನಾನು ಗಣಿತ ಕಲಿಸಿದೆನೇ? ಇಲ್ಲ. ಪಾಸಾಗುವುದನ್ನು ಕಲಿಸಿದೆ. ಹಳೆಯ ಪ್ರಶ್ನೆಪತ್ರಿಕೆ ತರಿಸುವುದು, ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ ಎಂದು ನೋಡುವುದು, ಅದರ ಉತ್ತರವನ್ನು ಬಾಯಿಪಾಠ ಮಾಡಿಸುವುದು. ಇಷ್ಟೇ ನನ್ನ ವಿದ್ಯೆ. ಹಿಂದಿನ ಸಾಲಿನಲ್ಲಿ ನನ್ನ ಇಬ್ಬರು ಶಿಷ್ಯರು ಕಾಣುತ್ತಿದ್ದಾರೆ. ಒಬ್ಬ ಕಟ್ಟಡಗಳ ಇಂಜಿನಿಯರ್ ಆಗಿದ್ದಾನೆ. ಅವನು ಕಟ್ಟಿದ ಕಟ್ಟಡದೊಳಗೆ ನಾನು ಕಾಲಿಡುವುದಿಲ್ಲ.

ನನ್ನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿನ ಅರ್ಧ ನಂಬರು ಅವಳ ಬಾಯಲ್ಲಿತ್ತು. ಮದುವೆಯಾದ ಹೊಸದರಲ್ಲಿ ನಾನು ಪರೀಕ್ಷೆ ಮಾಡುತ್ತಿದ್ದೆ. 'ಔಷಧಿ ಅಂಗಡಿ?' ಎಂದರೆ ನಂಬರು ಬರುತ್ತಿತ್ತು. 'ಅಗ್ನಿಶಾಮಕ ಠಾಣೆ?' ಎಂದರೂ ಬರುತ್ತಿತ್ತು. 'ನಿಮ್ಮ ತಲೆಯಲ್ಲಿ ಏನಿದೆ ರೀ, ಬರೀ ಸೂತ್ರಗಳಾ?' ಎಂದು ನಗುತ್ತಿದ್ದಳು. ನೋಡಿ, ಪರೀಕ್ಷೆ ಮಾಡುವ ಚಟ ನನಗೆ ಆಗಲೇ ಇತ್ತು. ಆಗ ಅದು ಸರಸವಾಗಿತ್ತು, ಅಷ್ಟೇ ವ್ಯತ್ಯಾಸ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಪಕ್ಕದ ಬೀದಿಯಲ್ಲೇ ದಾರಿ ತಪ್ಪಿದಳು. ತರಕಾರಿಯವನು ಮನೆಯ ಫೋನ್ ನಂಬರು ಕೇಳಿದನಂತೆ. ಅವಳು ಔಷಧಿ ಅಂಗಡಿಯ ನಂಬರು ಕೊಟ್ಟಳು. ನಮ್ಮದು ಬರಲಿಲ್ಲ. ಅಲ್ಲಿಂದ ಶುರುವಾಯಿತು. ನನ್ನ ಮಗಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಅವಳೇ ಈ ಕೇಂದ್ರದ ವಿಷಯ ತಿಳಿದುಕೊಂಡು ಬಂದಳು. 'ಅಪ್ಪಾ, ಅಲ್ಲಿ ಮೊದಲು ಒಂದು ಟೆಸ್ಟ್ ಮಾಡ್ತಾರೆ. ಆಮೇಲೆ ಸೇರಿಸ್ಕೊಳ್ತಾರೆ' ಅಂದಳು.

ಟೆಸ್ಟ್ ಎಂಬ ಮಾತು ನನ್ನ ಕಿವಿಗೆ ಬಿತ್ತು. ಉಳಿದದ್ದು ಬೀಳಲಿಲ್ಲ.

ನಾನು ಬಂದು ನಿಮ್ಮ ಕಾಯುವ ಕೋಣೆಯಲ್ಲಿ ಕೂತೆ. ಒಂದು ದಿನವಲ್ಲ, ಒಂಬತ್ತು ದಿನ. ಒಳಗಿನಿಂದ ಬಂದವರ ಮನೆಯವರನ್ನೆಲ್ಲ ಮೆಲ್ಲಗೆ ವಿಚಾರಿಸಿದೆ: 'ಏನೇನ್ ಕೇಳಿದ್ರು?' ಮೂವತ್ತು ಅಂಕದ ಪರೀಕ್ಷೆ. ಇವತ್ತು ಯಾವ ವಾರ, ನಾವಿರುವುದು ಎಷ್ಟನೆಯ ಮಹಡಿ, ನೂರರಿಂದ ಏಳು ಕಳೆಯುತ್ತ ಹೋಗಿ, ಮೂರು ಗಂಟೆ ತೋರಿಸುವ ಗಡಿಯಾರ ಬರೆಯಿರಿ. ಮೂರು ಪದ ಹೇಳುತ್ತಾರೆ, ಐದು ನಿಮಿಷದ ನಂತರ ತಿರುಗಿ ಹೇಳಬೇಕು. ಡಾಕ್ಟರೇ, ತಪ್ಪು ತಿಳಿಯಬೇಡಿ, ಒಂಬತ್ತು ದಿನವೂ ಅದೇ ಮೂರು ಪದ! ಕೊಡೆ, ಕುರ್ಚಿ, ಕಿತ್ತಳೆ. ಪ್ರಶ್ನೆಪತ್ರಿಕೆ ಬದಲಾಯಿಸದ ಸಂಸ್ಥೆಯನ್ನು ನಾನು ಜೀವನದಲ್ಲಿ ನೋಡಿರಲಿಲ್ಲ.

ಒಂಬತ್ತನೆಯ ದಿನದ ಸಂಜೆಯಿಂದಲೇ ಮನೆಯಲ್ಲಿ ಟ್ಯೂಷನ್ ಆರಂಭವಾಯಿತು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ನಲವತ್ತು ದಿನ. ಊಟದ ಮೇಜು, ಎದುರುಬದುರು ಕುರ್ಚಿ, ನಡುವೆ ಅಡಿಪಟ್ಟಿ. 'ಅಮ್ಮನ ಟೆಸ್ಟ್‌ಗೂ ಟ್ಯೂಷನ್ನಾ? ನಿಮಗೇನಾದ್ರೂ ತಲೆ ಕೆಟ್ಟಿದೆಯಾ ಅಪ್ಪಾ?' ಎಂದು ಮಗಳು ರೇಗಿದಳು. ನಾನು ಅವಳ ಮುಂದೆ ನಿಲ್ಲಿಸಿದೆ. ಅವಳು ಹೋದ ಮೇಲೆ ಮುಂದುವರಿಸಿದೆ.

ಯಾಕೆ ಹೀಗೆ ಮಾಡಿದಿರಿ ಎಂದು ನೀವು ಕೇಳಬಹುದು. ನನ್ನ ಕೈಯಲ್ಲಿ ಕಲಿತವರು ಫೇಲಾಗಬಾರದು ಎಂಬ ಹಮ್ಮು ಎಂದು ಬಹಳ ದಿನ ನಾನೇ ಅಂದುಕೊಂಡಿದ್ದೆ. ಹಮ್ಮಲ್ಲ. ಭಯ. ಅವಳು ಪಾಸಾದರೆ ಕಾಯಿಲೆ ಇಲ್ಲ ಎಂದಾಗುತ್ತದೆ ಎಂದು ನಾನು ನಂಬಿದೆ. ಅರವತ್ತೆಂಟು ವರ್ಷದ, ತಕ್ಕಮಟ್ಟಿಗೆ ಓದಿಕೊಂಡ ಮನುಷ್ಯ ನಾನು, ಇದನ್ನು ನಂಬಿದೆ.

ಒಮ್ಮೆ ಅವಳು ವಾರ ತಪ್ಪು ಹೇಳಿದಳೆಂದು ಅಡಿಪಟ್ಟಿಯಿಂದ ಬಡಿದೆ. ಮೇಜಿನ ಮೇಲೆ ಬಡಿದೆ. ಮೊದಲನೆಯ ಸಲ ಮೇಜಿನ ಮೇಲೆ. ಎರಡನೆಯ ಸಲದ ಮಾತನ್ನು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿದೆ, ಇರಲಿ.

ಮೂವತ್ತೆಂಟು ವರ್ಷ ನನ್ನನ್ನು 'ರೀ' ಎಂದು ಕರೆದವಳು ಅದಾದ ಮರುದಿನ 'ಸರ್' ಎಂದಳು. ನನಗೆ ಏನನ್ನಿಸಿತು ಗೊತ್ತೇ? ಪರವಾಗಿಲ್ಲ, ಶಿಸ್ತು ಬಂತು ಅನ್ನಿಸಿತು.

ಪರೀಕ್ಷೆಗೆ ಒಂದು ವಾರವಿತ್ತು. ಅವಳು ಗಡಿಯಾರ ಬರೆಯುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟು, ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ ಕೈ ಎತ್ತಿದಳು. 'ಸರ್, ಎಲ್ಲಾ ಸರಿಯಾಗಿ ಹೇಳಿದ್ರೆ ನನ್ನ ಮನೆಯವರ ಹತ್ರ ಕಳಿಸ್ತೀರಾ? ಅವರು ಕಾಯ್ತಿರ್ತಾರೆ. ಊಟ ಮಾಡಿರಲ್ಲ' ಅಂದಳು.

ಸಭಿಕರೇ, ಅವಳ ಮನೆಯವರು ಎದುರಿಗೇ ಕೂತಿದ್ದರು. ಊಟವನ್ನೂ ಮಾಡಿದ್ದರು. ಆಗ ನಾನು ಹೇಳಿದ್ದು ಇಷ್ಟು: 'ಮೊದಲು ಉತ್ತರ ಹೇಳಿ. ಆಮೇಲೆ ನೋಡೋಣ.'

ಪರೀಕ್ಷೆಯಲ್ಲಿ ಅವಳಿಗೆ ಮೂವತ್ತಕ್ಕೆ ಇಪ್ಪತ್ತೆಂಟು ಬಂತು. ನಾನು ಗುರುವಾರ ಎಂದು ಕಲಿಸಿದ್ದೆ, ಡಾಕ್ಟರು ರಜೆ ಹಾಕಿ ಶುಕ್ರವಾರಕ್ಕೆ ಮುಂದೂಡಿದರು, ಅಲ್ಲಿ ಒಂದು ಹೋಯಿತು. ಇನ್ನೊಂದು ಗಡಿಯಾರದ ಮುಳ್ಳಿನಲ್ಲಿ ಹೋಯಿತು. ಕೊನೆಯ ಪ್ರಶ್ನೆ, ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ. ಅವಳು ದುಂಡಗೆ ಬರೆದಳು: 'ನಾನು ಆರೋಗ್ಯವಾಗಿದ್ದೇನೆ.' ಅದು ನಾನು ತೋಚಿಸಿದ ವಾಕ್ಯ.

ಇಪ್ಪತ್ತಕ್ಕಿಂತ ಹೆಚ್ಚು ಬಂದವರಿಗೆ ಇಲ್ಲಿ ಪ್ರವೇಶವಿಲ್ಲ. ಅದು ನಿಯಮ. 'ಸದ್ಯಕ್ಕೆ ಅಗತ್ಯವಿಲ್ಲ, ಹನ್ನೊಂದು ತಿಂಗಳ ನಂತರ ಬನ್ನಿ' ಎಂದು ಚೀಟಿ ಕೊಟ್ಟರು. ಹೊರಗೆ ಮೆಟ್ಟಿಲ ಮೇಲೆ ಅವಳು ಕೇಳಿದಳು: 'ಪಾಸಾದೆನಲ್ಲ ಸರ್. ಇನ್ನು ಕಳಿಸಿ.' ಅವಳಿಗೆ ಸುಸ್ತಾಗಿದೆ ಅಂದುಕೊಂಡು ನಾನು ಆಟೊ ಕರೆದೆ. ಮನೆಗೆ ಬಂದು ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಆ ಹನ್ನೊಂದು ತಿಂಗಳು ಹೇಗೆ ಹೋಯಿತೆಂದು ಇಲ್ಲಿ ಕೂತಿರುವ ಅರ್ಧ ಜನಕ್ಕೆ ಹೇಳಬೇಕಾಗಿಲ್ಲ. ಉಳಿದ ಅರ್ಧಕ್ಕೆ ಹೇಳಿದರೂ ತಿಳಿಯುವುದಿಲ್ಲ. ಗ್ಯಾಸ್ ಹಚ್ಚದೆಯೇ ತಿರುಗಿಸಿ ಬಿಟ್ಟಿದ್ದು ಮೂರು ಸಲ. ಹಳೆಯ ಎಕ್ಸ್‌ಚೇಂಜ್ ಕಟ್ಟಡ ಈಗ ಚಪ್ಪಲಿ ಅಂಗಡಿ. ಅಲ್ಲಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಡ್ಯೂಟಿಗೆ ಕೂತಿದ್ದು ಎರಡು ಸಲ. ಅಂಗಡಿಯವರು ಒಳ್ಳೆಯವರು, ಚಹಾ ಕೊಟ್ಟು ಕೂರಿಸಿದ್ದರು. ನಾನು ಒಳಗೆ ಬಂದದ್ದೇ ತಡ, ಅವಳು ಎದ್ದು ನಿಂತು 'ಕೊಡೆ, ಕುರ್ಚಿ, ಕಿತ್ತಳೆ' ಅಂದಳು.

ಹೌದು. ಅದು ಉಳಿದುಕೊಂಡಿತು. ಮಗಳ ಹೆಸರು ಹೋಯಿತು, ತವರಿನ ದಾರಿ ಹೋಯಿತು, ಊರಿನ ಅಷ್ಟೂ ನಂಬರು ಹೋದವು. ಕೊಡೆ, ಕುರ್ಚಿ, ಕಿತ್ತಳೆ ಉಳಿದವು. ಮಗಳು ತಟ್ಟೆಗೆ ಊಟ ಬಡಿಸಿ 'ಅಮ್ಮಾ, ನಾನ್ಯಾರು ಹೇಳು?' ಎಂದು ಕೇಳಿದ ದಿನವೂ ಅದೇ ಉತ್ತರ. ಅವತ್ತು ಮಗಳು ನನ್ನ ಮುಖ ನೋಡಿದ್ದನ್ನು ನಾನು ಮರೆಯಬೇಕೆಂದಿದ್ದೇನೆ. ನನ್ನ ನೆನಪಿನ ಶಕ್ತಿ ಚೆನ್ನಾಗಿದೆ, ಅದೇ ತೊಂದರೆ.

ಮರುಪರೀಕ್ಷೆಯಲ್ಲಿ ಅವಳಿಗೆ ಒಂಬತ್ತು ಬಂತು. ಅದರಲ್ಲಿ ಮೂರು ಆ ಪದಗಳದು. ಪ್ರವೇಶ ಸಿಕ್ಕಿತು. ಅವಳ ಜೊತೆಗೆ ನನಗೂ ಸಿಕ್ಕಿತು ಎನ್ನಬೇಕು, ಏಕೆಂದರೆ ತಿಂಗಳ ಎರಡನೆಯ ಶನಿವಾರ ಮಹಡಿಯ ಕೋಣೆಯಲ್ಲಿ ಮನೆಯವರಿಗೂ ಒಂದು ಸಭೆ ನಡೆಯುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೆಟಲ್, ಸದ್ದು ಮಾಡುವ ಫ್ಯಾನು. ತಾಯಿಯನ್ನು ನೋಡಿಕೊಳ್ಳುವ ಬಸ್ ಡ್ರೈವರ್ ಒಬ್ಬರು ಮೊದಲ ದಿನವೇ 'ನಂಗೆ ಒಂದೊಂದ್ಸಲ ಸಾಕಪ್ಪಾ ಸಾಕು ಅನ್ಸುತ್ತೆ' ಎಂದು ಅತ್ತರು. ಅಳಬಹುದು ಎಂಬ ಅನುಮತಿ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಲ್ಲಿ ಸಿಸ್ಟರ್ ಹೇಳಿಕೊಟ್ಟ ಮೊದಲ ಪಾಠ, ಅವರನ್ನು ಪ್ರಶ್ನೆ ಕೇಳಬೇಡಿ. 'ನೆನಪಿದೆಯಾ? ನಾನ್ಯಾರು? ಈಗಷ್ಟೇ ಹೇಳಿದೆನಲ್ಲ?' ಇವು ಬೇಡ. ಪ್ರಶ್ನೆ ಕೇಳಬಾರದೆಂದರೆ ನಾನು ಮಾತಾಡುವುದಾದರೂ ಹೇಗೆ? ನೋಡಿ, ಇದೂ ಪ್ರಶ್ನೆಯೇ. ನಾನು ಪ್ರಶ್ನೆ ಕೇಳಿದಾಗಲೆಲ್ಲ ಸಿಸ್ಟರ್ ತಮ್ಮ ಪೆನ್ನು ಮೇಲೆತ್ತುತ್ತಿದ್ದರು. ಮೊದಲ ಶನಿವಾರ ಅವರ ಕೈ ಕೆಳಗಿಳಿಯಲೇ ಇಲ್ಲ.

ಈಗ ಎಷ್ಟೋ ವಾಸಿ. ಆದರೆ ಮಾದರಿ ಎಂದು ಕರೆಸಿಕೊಳ್ಳುವ ಮೊದಲು ಒಂದು ಮಾತು ನಿಮಗೆ ಗೊತ್ತಿರಬೇಕು. ಸಂಜೆ ಎಲ್ಲರ ಮನೆಯವರೂ ಗೇಟಿಗೆ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ನನ್ನ ಹೆಂಡತಿ ಕೇಂದ್ರದ ವ್ಯಾನಿನಲ್ಲಿ ಮನೆಗೆ ಬರುತ್ತಾಳೆ, ನಾನು ಹಿಂದಿನಿಂದ ನಡೆದು ಬರುತ್ತೇನೆ. ನನ್ನ ಜೊತೆ ಬರುವುದಿಲ್ಲ ಅವಳು. ಸರ್ ಜೊತೆ ಯಾರು ಮನೆಗೆ ಹೋಗುತ್ತಾರೆ?

ಹೋದ ಶನಿವಾರ ಸಿಸ್ಟರ್ ಅಂದರು: 'ಸರ್, ಇಷ್ಟು ವರ್ಷ ನೀವು ಅವರನ್ನ ಕೇಳಿದ್ರಿ. ಅವರು ನಿಮ್ಮನ್ನ ಒಂದೇ ಒಂದು ಕೇಳಿದ್ದು, ಮನೆಯವರ ಹತ್ರ ಕಳಿಸ್ತೀರಾ ಅಂತ. ಅದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.' ಉತ್ತರ ನನಗೆ ಗೊತ್ತಿಲ್ಲದೆ ಅಲ್ಲ. ಆ ಉತ್ತರ ಹೇಳಿದರೆ ಅವಳ ಮನೆಯವರು ಬೇರೆ, ನಾನು ಬೇರೆ ಎಂದು ನಾನೇ ಒಪ್ಪಿಕೊಂಡ ಹಾಗೆ. ನನಗೆ ಆ ಧೈರ್ಯ ಬರಲಿಲ್ಲ. ಈ ವಾರವೆಲ್ಲ ಬಾಯಿಪಾಠ ಮಾಡಿದೆ, ಗೇಟಿನವರೆಗೆ ಹೋಗಿ ಮತ್ತೆ ವ್ಯಾನಿನ ಹಿಂದೆಯೇ ನಡೆದು ಬಂದೆ.

ಆದ್ದರಿಂದ ಕೇಂದ್ರಕ್ಕೆ ನನ್ನದೊಂದು ಬಿನ್ನಹ. ಒಂದೇ ಪ್ರಶ್ನೆಪತ್ರಿಕೆ ಇದ್ದಲ್ಲಿ ಈಗ ನಾಲ್ಕು ಮಾಡಿದ್ದೀರಿ, ಸಂತೋಷ. ಐದನೆಯದೊಂದು ಮಾಡಿ, ಜೊತೆಗೆ ಬಂದವರಿಗೆ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, 'ನಿಮಗೆ ಹೇಗಿದೆ?' ಎಂದು ಒಂದೇ ಪ್ರಶ್ನೆ ಕೇಳಿ. ಅವತ್ತು ನನ್ನನ್ನು ಯಾರಾದರೂ ಕೇಳಿದ್ದರೆ ನಾನು ಸೊನ್ನೆ ತೆಗೆದುಕೊಳ್ಳುತ್ತಿದ್ದೆ, ಅವಳಿಗೆ ಆ ಹನ್ನೊಂದು ತಿಂಗಳು...

ಕ್ಷಮಿಸಿ. ಮೂರನೆಯ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ. ಬೇಡ ಸಿಸ್ಟರ್, ಇಳಿಸಬೇಡಿ, ಅವರು ನನ್ನನ್ನೇ ಕೇಳುತ್ತಿದ್ದಾರೆ. ಅಧ್ಯಕ್ಷರೇ, ಒಂದು ನಿಮಿಷ ಕೊಡಿ.

ಹೇಳಿ ಮೇಡಂ. ಹೌದು. ಕೊಡೆ, ಕುರ್ಚಿ, ಕಿತ್ತಳೆ. ಸರಿಯಾಗಿದೆ, ಪೂರ್ತಿ ಅಂಕ. ಪರೀಕ್ಷೆ ಮುಗೀತು ಮೇಡಂ. ಇನ್ಮೇಲೆ ಯಾವ ಪರೀಕ್ಷೆನೂ ಇಲ್ಲ. ನಿಮ್ಮ ಮನೆಯವರು ಮನೇಲಿ ಕಾಯ್ತಿದ್ದಾರೆ, ಊಟ ಮಾಡಿಲ್ಲ. ನಂಗವರು ಚೆನ್ನಾಗಿ ಗೊತ್ತು. ಸ್ವಲ್ಪ ಮೊಂಡು ಮನುಷ್ಯ, ಆದ್ರೆ ನೀವಂದ್ರೆ ಪ್ರಾಣ. ಬನ್ನಿ, ನಾನೇ ಅಲ್ಲೀವರೆಗೂ ಬಿಟ್ಟು ಬರ್ತೀನಿ. ಬ್ಯಾಗ್ ತಗೊಳ್ಳಿ.

ಎದ್ದರು. ಬ್ಯಾಗೂ ತೆಗೆದುಕೊಂಡರು. ಸಿಸ್ಟರ್, ಇವತ್ತು ವ್ಯಾನು ಬೇಡ.

ಅಧ್ಯಕ್ಷರೇ, ಫಲಕವನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ, ನನ್ನ ಎರಡು ಕೈಯೂ ಬೇಕಾಗಬಹುದು. ಬಂದವರಿಗೆ, ಕೇಳಿದವರಿಗೆ, ಮಹಡಿಯ ಕೋಣೆಯ ಕೆಟಲಿಗೆ ಕೂಡ ನನ್ನ ವಂದನೆಗಳು. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಅವರಿಗೆ ಗಾಬರಿಯಾಗುತ್ತದೆ. ಇನ್ನು ನಿಲ್ಲಲಾರೆ, ಅವರ ಮನೆಯವರು ಕಾಯುತ್ತಿದ್ದಾರೆ. ನಮಸ್ಕಾರ.